ಶಿಬಿರದ ಮೇಷ್ಟ್ರು

ಕಾಲೇಜಿನ ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿ ಎಂದರೆ ಬೇರೆ ಯಾರೋ ಅಲ್ಲ, ಬೆಳಗ್ಗೆ ಅರ್ಥಶಾಸ್ತ್ರವನ್ನೋ ಕನ್ನಡವನ್ನೋ ಪಾಠ ಮಾಡುವ ಮೇಷ್ಟ್ರೇ. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರಲ್ಲಿ ಶುರುವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ಎರಡು ವರ್ಷಕ್ಕೆ 240 ಗಂಟೆ ದುಡಿಯಬೇಕು. ಜೊತೆಗೆ ಹಳ್ಳಿಯಲ್ಲಿ 7 ದಿನದ ಶಿಬಿರ. ಗಂಟೆಗಳ ಲೆಕ್ಕ ಹುಡುಗರದು. ಅಕ್ಕಿ, ಬೇಳೆ, ಸಲಿಕೆ, ಪಂಚಾಯಿತಿಯ ಒಪ್ಪಿಗೆ, ರಾತ್ರಿ ಹತ್ತಕ್ಕೆ ಬರುವ ಪೋಷಕರ ಫೋನು ಎಲ್ಲ ಮೇಷ್ಟ್ರ ತಲೆಮೇಲೆ.

ನನಗೆ ಇಷ್ಟವಾಗುವುದು ಒಳ್ಳೆಯ ಅಧಿಕಾರಿ ಸುಮ್ಮನಿರುವ ರೀತಿ. ಉಪ್ಪಿಟ್ಟು ತಳ ಹಿಡಿಯುತ್ತಿದೆ, ಸೌಟು ಹಿಡಿದ ಹುಡುಗ ಹರಟೆಯಲ್ಲಿದ್ದಾನೆ. ಅವರು ನೋಡುತ್ತಾರೆ, ಬಾಯಿ ಬಿಡುವುದಿಲ್ಲ; ಸೀದ ಉಪ್ಪಿಟ್ಟನ್ನು ಎಲ್ಲರ ಜೊತೆ ಕೂತು ತಿನ್ನುತ್ತಾರೆ. ಕೆರೆಗೆ ಈಜಲು ಹೋಗೋಣವೆಂದು ಯಾರಾದರೂ ಗುಸುಗುಸು ಶುರುಮಾಡಿದರೆ ಮಾತ್ರ ದನಿ ಏರುತ್ತದೆ. ಅಲ್ಲಿ ಚರ್ಚೆಯಿಲ್ಲ. ಎಲ್ಲಿ ಬಿಡಬೇಕು, ಎಲ್ಲಿ ಬಿಗಿಯಬೇಕು ಎಂಬ ಈ ಅಂದಾಜನ್ನು ಯಾವ ತರಬೇತಿ ಕೊಟ್ಟೀತು?

ಸಮಾರೋಪದ ದಿನ ಶಾಸಕರಿಗೆ ಹಾರ, ಪ್ರಾಂಶುಪಾಲರಿಗೆ ಶಾಲು. (ಹಾರ ತರಿಸಿದ್ದೂ ಮೇಷ್ಟ್ರೇ ಅನ್ನಿ.) ಅಷ್ಟೊತ್ತಿಗೆ ಅವರು ಹಿತ್ತಲಲ್ಲಿ ಬಾಡಿಗೆ ಪಾತ್ರೆ ಎಣಿಸಿ ವಾಪಸು ಕಳಿಸುತ್ತಿರುತ್ತಾರೆ, ಒಂದು ಜಾಲರಿ ಕಡಿಮೆ ಬಂದರೂ ದುಡ್ಡು ಅವರ ಜೇಬಿನದೇ. ಸೋಮವಾರದಿಂದ ಬಾಕಿಬಿದ್ದ ಪಾಠ, ಜೊತೆಗೆ ತರಕಾರಿ ಅಂಗಡಿಯ ಚೀಟಿಯನ್ನೂ ಲಗತ್ತಿಸಿ ಕೊಡಬೇಕಾದ ಖರ್ಚಿನ ಲೆಕ್ಕಪತ್ರ.