ನೀಲಿ ಹೋದರೆ ರಾತ್ರಿಯೂ ಹೋಯಿತು

ಜರ್ಮನಿಯ ಎಫ್. ಡಬ್ಲ್ಯು. ಮುರ್ನೌ ನಿರ್ದೇಶಿಸಿದ 'ನೊಸ್ಫೆರಾಟು' (1922) ಎಂಬ ಮೂಕಿಚಿತ್ರವನ್ನು ಮನೆಯಲ್ಲಿ ನೋಡಿದವರು ಒಂದು ಪ್ರಶ್ನೆ ಕೇಳುವುದುಂಟು: ಬಿಸಿಲು ತಾಕಿದರೆ ಸಾಯುವ ರಕ್ತಪಿಶಾಚಿ ಹಾಡಹಗಲೇ ಶವಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಊರಲ್ಲಿ ಓಡಾಡುವುದು ಹೇಗೆ? ಪ್ರಶ್ನೆ ಸರಿಯಾಗಿದೆ. ಸರಿಯಿಲ್ಲದ್ದು ಅವರು ನೋಡಿದ ಪ್ರತಿ.

ಆಗ ಹೊರಾಂಗಣದ ರಾತ್ರಿಗಳನ್ನು ಹಗಲಲ್ಲೇ ಚಿತ್ರಿಸಿ, ಫಿಲ್ಮಿಗೆ ನೀಲಿ ಬಣ್ಣ ಹಾಕುತ್ತಿದ್ದರು. ನೀಲಿ ಎಂದರೆ ರಾತ್ರಿ, ಹಳದಿ ಎಂದರೆ ಹಗಲು, ನಸುಗೆಂಪು ಎಂದರೆ ಮುಂಜಾವು. ಮುಂದೆ ಕಪ್ಪು-ಬಿಳುಪಿನ ನಕಲುಗಳಲ್ಲಿ ಬಣ್ಣ ಹೋಯಿತು. ಅದರ ಜೊತೆಗೆ ಕಥೆಯ ತರ್ಕವೂ ಹೋಯಿತು.

ಬ್ರಾಮ್ ಸ್ಟೋಕರನ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ತಿರುಗಾಡುತ್ತಾನೆ. ಬಿಸಿಲಿಗೆ ಇಲ್ಲವಾಗುವುದು ಈ ಚಿತ್ರದ ಸೇರ್ಪಡೆ; ಮುಂದಿನ ಎಷ್ಟೋ ಪಿಶಾಚಿ ಸಿನಿಮಾಗಳಿಗೆ ಅದೇ ನಿಯಮವಾಯಿತು. ಎಲೆನ್ ತನ್ನ ಜೀವವನ್ನೇ ಒಡ್ಡಿ ಕೌಂಟ್ ಓರ್ಲಾಕನನ್ನು ಬೆಳಗಿನವರೆಗೆ ಹಿಡಿದಿಡುತ್ತಾಳೆ. ಆ ಕೊನೆಯ ದೃಶ್ಯದ ಭಾರವೆಲ್ಲ ಬಣ್ಣ ಬದಲಾಗುವ ಗಳಿಗೆಯ ಮೇಲೆ ನಿಂತಿದೆ. ಬಣ್ಣವಿಲ್ಲದ ಪ್ರತಿಯಲ್ಲಿ ಕೋಳಿ ಕೂಗುತ್ತದೆ, ಬೆಳಗಾದದ್ದು ಕಣ್ಣಿಗೆ ಕಾಣುವುದಿಲ್ಲ.

ಲೆಕ್ಕಪರಿಶೋಧನೆ ನನ್ನ ಕಸುಬಾದ್ದರಿಂದ ಚಿತ್ರದ ಹಿಂದಿನ ವ್ಯವಹಾರವೂ ನನ್ನನ್ನು ಕಾಡುತ್ತದೆ. ನಿರ್ಮಿಸಿದ ಕಂಪನಿಯ ಹೆಸರು ನಮಗೆ ಪರಿಚಿತ ಪದವೇ: 'ಪ್ರಾಣ ಫಿಲ್ಮ್'. ಕಾದಂಬರಿಯ ಹಕ್ಕು ಕೊಳ್ಳದೆ, ಪಾತ್ರಗಳ ಹೆಸರು ಬದಲಿಸಿ ಚಿತ್ರ ತೆಗೆದರು. ಸ್ಟೋಕರನ ವಿಧವೆ ಫ್ಲಾರೆನ್ಸ್ ದಾವೆ ಹೂಡಿದರು. ಕಂಪನಿ ದಿವಾಳಿಯಾಯಿತು. ಪ್ರತಿಗಳನ್ನೆಲ್ಲ ನಾಶಮಾಡುವಂತೆ 1925ರಲ್ಲಿ ಜರ್ಮನ್ ನ್ಯಾಯಾಲಯ ಆದೇಶಿಸಿತು. ಆಕೆಯ ಪಾಲು ನ್ಯಾಯವಾದದ್ದೇ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹೊರದೇಶ ಸೇರಿದ್ದ ಪ್ರತಿಗಳು ಆದೇಶಕ್ಕೆ ಸಿಗಲಿಲ್ಲ. ಒಂದೇ ಚಿತ್ರಕ್ಕೆ 'ಪ್ರಾಣ' ಹೋಯಿತು, ಚಿತ್ರ ಬದುಕಿತು. ನಕಲಾಗಿ ಉಳಿಯಿತು, ನಕಲಾಗುತ್ತಲೇ ಸವೆಯಿತು.

ವರ್ನರ್ ಹರ್ಜೋಗ್ 1979ರಲ್ಲಿ, ರಾಬರ್ಟ್ ಎಗ್ಗರ್ಸ್ 2024ರಲ್ಲಿ ಇದೇ ಕಥೆಗೆ ಮರಳಿದರು. ಅವುಗಳಿಂದ ಮೂಲಕ್ಕೆ ಬರುವವರು ಸುಲಭಕ್ಕೆ ಸಿಕ್ಕಿದ ಪ್ರತಿಯನ್ನೇ ಹಾಕಿಕೊಂಡು, 'ಹಳೇ ಸಿನಿಮಾ, ಭಯವೇ ಆಗಲಿಲ್ಲ' ಎಂದು ಎದ್ದುಬಿಟ್ಟರೆ ನಷ್ಟ ಅವರದೇ. ಪ್ಯಾರಿಸ್‌ನಲ್ಲಿ ಉಳಿದಿದ್ದ 1922ರ ಬಣ್ಣದ ಪ್ರತಿಯನ್ನು ಆಧರಿಸಿ ಮುರ್ನೌ ಪ್ರತಿಷ್ಠಾನ ಪುನರುಜ್ಜೀವನಗೊಳಿಸಿದ ಆವೃತ್ತಿ ಡಿಸ್ಕಿನಲ್ಲಿ ಸಿಗುತ್ತದೆ. ಅದನ್ನೇ ಹುಡುಕಿ. ಹಾನ್ಸ್ ಎರ್ಡ್‌ಮನ್ ಈ ಚಿತ್ರಕ್ಕೆಂದೇ ರಚಿಸಿದ ಸಂಗೀತವನ್ನು ಅದಕ್ಕೆ ಮತ್ತೆ ಜೋಡಿಸಿದ್ದಾರೆ. ಕೋಣೆಯ ದೀಪ ಆರಿಸಿ, ಫೋನು ದೂರವಿಟ್ಟು ಕೂತುಕೊಳ್ಳಿ. ಮೆಟ್ಟಿಲೇರುವ ಆ ಉದ್ದ ಬೆರಳುಗಳ ನೆರಳಿಗೆ ಮಾತು ಬೇಕಿಲ್ಲ, ರಾತ್ರಿ ಬೇಕು.