ಹುಟ್ಟು ಎತ್ತಿದ ದೋಣಿ, ಜಗತಿಯ ಸುತ್ತು

ನಾಗಮಂಗಲದ ಅಕ್ಕನ ಮನೆಯ ನಡುಮನೆಯಲ್ಲಿ ಎರಡು ಬಣ್ಣದ ಪುಸ್ತಿಕೆಗಳು ತಿಂಗಳಿಂದ ಬಿದ್ದಿದ್ದವು. ಒಂದು ನಾರ್ವೆಯ ಹಡಗು ಪ್ರವಾಸದ್ದು, ಇನ್ನೊಂದು ಗೈಡ್ ಜೊತೆ ಕಾಂಬೋಡಿಯಾ ಸುತ್ತುವುದು. ಭಾವ ನಿವೃತ್ತರು, ಕೂಡಿಟ್ಟ ದುಡ್ಡಿನಲ್ಲಿ ಹೊರದೇಶ ಒಂದೇ ಸಲ. "ಹಡಗಾದ್ರೆ ಪೆಟ್ಟಿಗೆ ಒಂದ್ಸಲ ಬಿಚ್ಚಿದ್ರಾಯ್ತು ಕಣಪ್ಪ, ದಿನಾ ಕಟ್ಟೋದು ಬಿಚ್ಚೋದು ಇರಲ್ಲ" ಎನ್ನುತ್ತಿದ್ದಳು ಅಕ್ಕ. ಆ ಸುಖ ಸಣ್ಣದಲ್ಲ. ಆದರೆ ನೀರಿನ ನೋಟದ ರುಚಿ ಯಾವುದು, ನೆಲದ ನೋಟದ ರುಚಿ ಯಾವುದು ಎಂದು ತಿಳಿಯಲು ನಮ್ಮ ಮಂಡ್ಯ ಜಿಲ್ಲೆಯೇ ಸಾಕಲ್ಲವೇ? ಮಾರ್ಚ್ ತಿಂಗಳ ಒಂದು ಭಾನುವಾರ ಇಬ್ಬರನ್ನೂ ಕರೆದುಕೊಂಡು ಹೊರಟೆ.

ಮೊದಲು ರಂಗನತಿಟ್ಟು. 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದ್ದರಿಂದ ಎದ್ದ ತಿಟ್ಟುಗಳು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾದವು. ನಡು ಹೊಳೆಯಲ್ಲಿ ಅಂಬಿಗ ಹುಟ್ಟು ಎತ್ತಿ ಹಿಡಿದ. ಅದರ ತುದಿಯಿಂದ ತೊಟ್ಟಿಕ್ಕುವ ಸದ್ದೂ ಕೇಳುವಷ್ಟು ಮೌನ. ದೋಣಿ ತಾನಾಗಿ ತೇಲಿತು. ತಿಟ್ಟು ಮೆಲ್ಲಗೆ ತಿರುಗಿ ಇನ್ನೊಂದು ಮಗ್ಗುಲು ತೋರಿತು: ಕೊಂಬೆ ತುಂಬ ಬಣ್ಣದ ಕೊಕ್ಕರೆ, ಅದರಾಚೆ ಹೆಜ್ಜಾರ್ಲೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ನಾವು ಕೂತೇ ಇದ್ದೆವು, ನೋಟವೇ ನಮ್ಮ ಬಳಿಗೆ ಬಂತು. ನೀರಿನ ಪಯಣದ ರಸ ಇದು.

ನಾರ್ವೆಯ ಗೈರಾಂಗರ್ ಕಡಲತೋಳು ಈ ರಸದ ದೊಡ್ಡ ರೂಪ. 15 ಕಿಲೋಮೀಟರ್ ಉದ್ದ, ಎರಡೂ ಕಡೆ ಕಡಿದಾದ ಬಂಡೆ, ಏಳು ಸೋದರಿಯರೆಂಬ ಜಲಪಾತ, ಜನ ಬಿಟ್ಟುಹೋದ ಬೆಟ್ಟದಂಚಿನ ಹೊಲಮನೆಗಳು. 2005ರಿಂದ ಅದು ವಿಶ್ವ ಪರಂಪರೆಯ ತಾಣ. ಅಲ್ಲಿಗೆ ಬಸ್ಸಿನಲ್ಲಿ ಹೋಗುವವರಿಗೆ ಅರ್ಧ ನೋಟವೇ ತಪ್ಪುತ್ತದೆ. ಕಡಲ ಪಯಣವನ್ನು ಹಗುರವಾಗಿ ಕಾಣುವವನು ನಾನಲ್ಲ, ವಿ.ಕೃ. ಗೋಕಾಕರ 'ಸಮುದ್ರ ಗೀತೆಗಳು' ಕನ್ನಡಕ್ಕೆ ಬಂದದ್ದು ಅಂಥ ಪಯಣದಿಂದಲೇ.

ಮಾರನೆಯ ಬೆಳಿಗ್ಗೆ ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲು. ಹೊಯ್ಸಳ ವೀರಸೋಮೇಶ್ವರನ ಕಾಲದ ಲಕ್ಷ್ಮೀನಾರಾಯಣ ಗುಡಿ, ಸುಮಾರು 1250ರದು. ಗುಡಿಯ ಕೆಳಗಿನ ಕಟ್ಟೆಯಾದ ಜಗತಿ ಹತ್ತಿ ಬರಿಗಾಲಲ್ಲಿ ನಿಂತರೆ ಕಲ್ಲು ಇನ್ನೂ ತಣ್ಣಗಿತ್ತು. ಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳು. ಕೆಳಗೆ ಆನೆ, ಮೇಲೆ ಕುದುರೆ, ಅದರ ಮೇಲೆ ಬಳ್ಳಿ, ನಾಲ್ಕನೆಯದರಲ್ಲಿ ಕಥೆ, ಆಮೇಲೆ ಮಕರ, ತುದಿಗೆ ಹಂಸ. ಕಥೆಯ ಪಟ್ಟಿಕೆ ಪ್ರದಕ್ಷಿಣೆಯ ದಿಕ್ಕಿಗೇ ಸಾಗುತ್ತದೆ. ರಾಮಾಯಣ ಮುಂದುವರಿಯಬೇಕಾದರೆ ನಾವು ಹೆಜ್ಜೆ ಇಡಬೇಕು. ನಕ್ಷತ್ರದಂಥ ಗೋಡೆ ಮೂಲೆಮೂಲೆಗೂ ಮಡಿಚಿಕೊಂಡಿದೆ. ಮೂಲೆ ತಿರುಗುವತನಕ ಮುಂದೇನೆಂದು ಕಾಣದು. ಮಹಾಭಾರತದ ಮುಂದೆ ಅಕ್ಕ ಬಾಗಿ, "ಇಲ್ನೋಡಿ, ರಥದ ಗಾಲಿ!" ಎಂದು ಭಾವನನ್ನು ಕರೆದಳು. ಗಾಲಿಯ ಅರಗಳು ಬೆರಳಿನಿಂದ ಎಣಿಸುವಷ್ಟು ಬಿಡಿಬಿಡಿಯಾಗಿದ್ದವು. ಒಂದು ಸುತ್ತಿಗೆ ಒಂದೂವರೆ ತಾಸು ಹಿಡಿಯಿತು, ಮಂಡಿನೋವು ಯಾರ ಬಾಯಲ್ಲೂ ಬರಲಿಲ್ಲ.

ಅಂಕೋರ್‌ವಾಟ್ ನೆನಪಾದದ್ದು ಅಲ್ಲೇ. ನಮ್ಮ ವಿಷ್ಣುವರ್ಧನ ಬೇಲೂರು ಕಟ್ಟಿಸಿದ 12ನೇ ಶತಮಾನದಲ್ಲೇ ಕಾಂಬೋಡಿಯಾದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ ವಿಷ್ಣುಗುಡಿ ಅದು. ಮೊಗಸಾಲೆಯ ಗೋಡೆಯಲ್ಲಿ ಕುರುಕ್ಷೇತ್ರ, ಲಂಕೆಯ ಯುದ್ಧ, ಸುಮಾರು 49 ಮೀಟರ್ ಉದ್ದದ ಸಮುದ್ರಮಥನ. ಬಾಗಿಲು ಪಶ್ಚಿಮಕ್ಕೆ, ಅಲ್ಲಿನ ಕಥೆಗಳನ್ನು ಅಪ್ರದಕ್ಷಿಣವಾಗಿ ನಡೆಯುತ್ತ ಓದಬೇಕು. ಹೊಸಹೊಳಲನ್ನು ಬಲಕ್ಕೆ ಸುತ್ತಿದ ಕಾಲು ಅಲ್ಲಿ ಎಡಕ್ಕೆ ತಿರುಗಿದಾಗ ಆಗುವ ಬೆರಗು ಕಡಲ ಮೇಲಿಂದ ದಕ್ಕದು. ಅಲ್ಲಿ ಗೈಡ್ ಬೇಕು, ಸಾವಧಾನ ಬೇಕು. ಹಡಗಿನಲ್ಲಿ ಹೋದವರಿಗೆ ಊರು ಸಿಗುವುದೇ ಬೆಳಿಗ್ಗೆಯಿಂದ ಸಂಜೆಯವರೆಗೆ. ರೋಮ್ ಎಂದು ಹೇಳಿ ಹಡಗು ನಿಲ್ಲಿಸುವ ಚಿವಿಟಾವೆಕ್ಕಿಯಾ ಬಂದರಿನಿಂದ ರೋಮ್ 70 ಕಿಲೋಮೀಟರಿಗೂ ಹೆಚ್ಚು ದೂರ, ನಾಗಮಂಗಲದಿಂದ ಮೈಸೂರಿಗಿಂತ ದೂರ. ಹೋಗಿಬರುವುದರಲ್ಲೇ ದಿನ ಕರಗುತ್ತದೆ.

ಬೆಟ್ಟ, ನೀರು, ಮೌನ ಬೇಕೆನ್ನುವವರು ಹಡಗು ಹತ್ತಲಿ. ಗುಡಿ, ಕೇರಿ, ಸಂತೆ, ಮನುಷ್ಯರ ಕೈಕೆಲಸ ಬೇಕೆನ್ನುವವರಿಗೆ ನೆಲದ ದಾರಿಯೇ ಸರಿ. ಒಂದೇ ಸಲ ಹೋಗುವುದಾದರೆ ನನ್ನ ಮತ ನೆಲಕ್ಕೆ. ಅಕ್ಕ ಭಾವ ಕಾಂಬೋಡಿಯಾಕ್ಕೆ ಹಣ ಕಟ್ಟಿದ್ದಾರೆ. ನೀವೂ ಹೊರಡುವವರಿದ್ದರೆ, ಅದಕ್ಕೆ ಮುಂಚೆ ಒಂದು ಬೆಳಿಗ್ಗೆ ಹೊಸಹೊಳಲಿನ ಜಗತಿಯನ್ನು ನಿಧಾನವಾಗಿ ಒಂದು ಸುತ್ತು ಬನ್ನಿ.