ಸದರಿ ಆಸಾಮಿಯ ಗದ್ಯ

ಕನ್ನಡ ವಿಮರ್ಶೆ ಕಾಡನ್ನು ಬೇಕಾದಷ್ಟು ಕಂಡಿದೆ. ಕಾಡಿನ ಮಳೆ, ಮಂಜು, ಮೌನ, ಅದರ ಸಂಕೇತ, ಅದರ ಅನುಭಾವ ಎಲ್ಲದರ ಮೇಲೂ ಪ್ರಬಂಧಗಳಾಗಿವೆ. ಆದರೆ ಗೆಳೆಯರೇ, ಕಾಡಿನ ಬಗ್ಗೆ ಕನ್ನಡದಲ್ಲಿ ದಿನಬೆಳಗಾದರೆ ಬರೆಯುತ್ತಿರುವವರು ಕವಿಗಳಲ್ಲ, ಗಾರ್ಡುಗಳು, ಫಾರೆಸ್ಟರುಗಳು. ಅವರು ಬರೆಯುವುದು ಮಹಜರು. ಅದರಲ್ಲಿ ಪಾತ್ರಗಳು ನಾವು. ಮಲೆನಾಡಿನ ನಮ್ಮ ಕೇರಿಗಳಲ್ಲಿ ಟ್ರಂಕಿನ ತಳ ತಡಕಿದರೆ ಈ ಸಾಹಿತ್ಯದ ಒಂದೆರಡು ಹಾಳೆ ಕೈಗೆ ಸಿಗುತ್ತವೆ. ಇದನ್ನು ಯಾವ ವಿಮರ್ಶಕರೂ ಓದಿದ ಹಾಗಿಲ್ಲ. ಓದೋಣ ಅಂತ ನಾವು ಕೂತಿದ್ದೇವೆ.

ಹೋದ ಬೇಸಗೆಯಲ್ಲಿ ನಮ್ಮವ್ವನ ಮೇಲೆ ಒಂದು ಕೇಸಾಯಿತು. ರಿಜರ್ವಿನ ಅಂಚಿನಲ್ಲಿ ಒಂದು ಹೊರೆ ಪುಳ್ಳೆ, ಅದರ ಮೇಲೆ ಬೇಲಿಗೆಂದು ಕಡಿದ ನಾಲ್ಕು ಬಿದಿರು. ಮಹಜರಿನ ಪ್ರತಿಯನ್ನು ಅವ್ವ ಸೆರಗಿನಲ್ಲಿ ಸುತ್ತಿ ತಂದು ನಮ್ಮ ಮುಂದೆ ಹಾಕಿದಳು. ಮನೆಯಲ್ಲಿ ಡಿಗ್ರಿ ಮುಗಿಸಿದವರು ನಾವೊಬ್ಬರೇ, ಓದಿ ಹೇಳಬೇಕಲ್ಲ. ಓದಿದೆವು:

"ಈ ದಿವಸ ಗಸ್ತಿನಲ್ಲಿರುವಾಗ ಸದರಿ ಆಸಾಮಿಯು ಮೀಸಲು ಅರಣ್ಯದೊಳಗೆ ಅಕ್ರಮವಾಗಿ ಪ್ರವೇಶಿಸಿ, ಹರಿತವಾದ ಆಯುಧದಿಂದ ಮರಗಳಿಗೆ ಹಾನಿಪಡಿಸಿ, ಅರಣ್ಯ ಉತ್ಪನ್ನವನ್ನು ಸಾಗಿಸುತ್ತಿದ್ದುದು ಕಂಡುಬಂದಿದ್ದು, ಪಂಚರ ಸಮಕ್ಷಮ ಸ್ವತ್ತನ್ನು ಅಮಾನತ್ತುಪಡಿಸಿಕೊಳ್ಳಲಾಯಿತು. ಸದರಿಯವರು ತಪ್ಪನ್ನು ಸ್ವಖುಷಿಯಿಂದ ಒಪ್ಪಿಕೊಂಡಿರುತ್ತಾರೆ."

"ಹರಿತವಾದ ಆಯುಧ ಅಂದ್ರೆ ಯಾವ್ದು?" ಅಂದಳು ಅವ್ವ.

"ನಿನ್ನ ಕತ್ತಿ ಕಣವ್ವ."

"ಅದು ಹರಿತ ಇದ್ದಿದ್ರೆ ನಾನ್ಯಾಕೆ ಮದ್ಯಾನದವರ್ಗೂ ಅಲ್ಲೇ ಇರ್ತಿದ್ದೆ, ಅವ್ರ ಕೈಗೆ ಸಿಕ್ಕಾಕ್ಕೊಳೋಕೆ? ಸ್ವಖುಷಿ ಅಂದ್ರೇನು?"

"ನಿನ್ನ ಖುಷಿಯಿಂದ ಒಪ್ಕಂಡೆ ಅಂತ."

ಅವ್ವ ನಕ್ಕಳು. ಈ ಕೃತಿಗೆ ಸಿಕ್ಕ ಮೊದಲ ವಿಮರ್ಶೆ ಆ ನಗು.

ವಾಕ್ಯದ ಕಟ್ಟು ನೋಡಿ. ಪ್ರವೇಶಿಸುವವಳು, ಹಾನಿಪಡಿಸುವವಳು, ಸಾಗಿಸುವವಳು ಆಸಾಮಿ. ಮಾಡುವ ಕೆಲಸವೆಲ್ಲ ಅವಳದೇ. ಅಧಿಕಾರಿಯ ಸರದಿ ಬಂದ ಕೂಡಲೇ ಕರ್ತೃವೇ ಮಾಯ. "ಕಂಡುಬಂದಿದ್ದು", "ಅಮಾನತ್ತುಪಡಿಸಿಕೊಳ್ಳಲಾಯಿತು". ಯಾರಿಗೆ ಕಂಡಿತು? ಕತ್ತಿ ಕಿತ್ತುಕೊಂಡವರು ಯಾರು? ತಲೆಯ ಸಿಂಬೆ ಕೆಳಕ್ಕೆ ಬಿದ್ದದ್ದು ಹೇಗೆ? ಈ ಗದ್ಯದಲ್ಲಿ ಸರ್ಕಾರಕ್ಕೆ ಕಣ್ಣಿದೆ, ಕೈ ಇಲ್ಲ. ಇನ್ನು ಪದಗಳು. ಸದರಿ, ಆಸಾಮಿ, ಮಹಜರು, ಅಮಾನತ್ತು ಎಲ್ಲವೂ ಹಳೇ ದಫ್ತರದ ಪಾರಸಿ-ಅರಬ್ಬಿ ಸವಕಲು ನಾಣ್ಯಗಳು. ಅದಕ್ಕೆ ನಮ್ಮ ತಕರಾರಿಲ್ಲ, ನಾವೂ ಅವನ್ನೇ ಚಲಾಯಿಸುತ್ತೇವೆ. ತಕರಾರಿರುವುದು ಒಳಗೆ ಬಿಟ್ಟುಕೊಳ್ಳದ ಪದಗಳ ಬಗ್ಗೆ. ಪುಳ್ಳೆ ಇಲ್ಲ, ಹೊರೆ ಇಲ್ಲ, ದರಗು ಇಲ್ಲ, ಒಲೆ ಇಲ್ಲ. ಪುಳ್ಳೆ ಎಂದು ಬರೆದರೆ ಓದಿದವರಿಗೆ ಒಲೆಯ ನೆನಪಾಗುತ್ತದೆ, ಒಲೆಯಿಂದ ಗಂಜಿಯ ನೆನಪು. "ಅರಣ್ಯ ಉತ್ಪನ್ನ" ಎಂದು ಬರೆದರೆ ಲಾರಿಯ ನೆನಪಾಗುತ್ತದೆ. ಮಹಜರಿನಲ್ಲಿ ದಿಕ್ಕಿದೆ, ಗಡಿಕಲ್ಲಿನ ನಂಬರಿದೆ, ಹೊತ್ತಿದೆ. ಯಾಕೆ ಎನ್ನುವ ಒಂದೇ ಒಂದು ಪ್ರಶ್ನೆಗೆ ಮಾತ್ರ ಜಾಗವಿಲ್ಲ.

ಈಗ ಇದರ ಪಕ್ಕದಲ್ಲಿ ನಮ್ಮ ದೊಡ್ಡ ಕಾದಂಬರಿಯನ್ನಿಟ್ಟು ನೋಡೋಣ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಗುತ್ತಿ ಸಿಂಬಾವಿ ಹೆಗ್ಗಡೆಯವರ ಹೊಲೆಯ. ಹುಲಿಯ ಎಂಬ ನಾಯಿಯನ್ನು ಕಟ್ಟಿಕೊಂಡು ಹಗಲಿರುಳೆನ್ನದೆ ಕಾಡು ತುಳಿಯುತ್ತಾನೆ. ಒಡೆಯನ ಅಂಗಳದಲ್ಲಿ ಬಗ್ಗಿ ನಿಲ್ಲುವ ಮನುಷ್ಯ ಕಾಡಿಗೆ ಬಂದಾಗ ಬೆನ್ನು ನೆಟ್ಟಗೆ ಮಾಡುತ್ತಾನೆ. ಕನ್ನಡದಲ್ಲಿ ನಮ್ಮ ಕೇರಿಯ ಮನುಷ್ಯ ಇಷ್ಟು ಸಲೀಸಾಗಿ ಕಾಡಿನಲ್ಲಿ ನಡೆದದ್ದು ಬೇರೆಲ್ಲೂ ನಮಗೆ ಸಿಕ್ಕಿಲ್ಲ. ಕುವೆಂಪು ಅವರಿಗೆ ಇದಕ್ಕೆ ನಾವು ಋಣಿಗಳು. ಆದರೆ ಆ ಕಾದಂಬರಿಯ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ. ಮೈಸೂರು ಸಂಸ್ಥಾನದ ಅರಣ್ಯ ರೆಗ್ಯುಲೇಷನ್ 1900ರದು. ಅಂದರೆ ಗುತ್ತಿಯ ಕಥೆ ಮುಗಿಯುವ ಹೊತ್ತಿಗೆ ಅದೇ ಗುಡ್ಡದ ಮೇಲೆ ಗಡಿಕಲ್ಲು ಬರುತ್ತಿವೆ. ಗುತ್ತಿಯ ಮೊಮ್ಮಗ ಅದೇ ದಾರಿಯಲ್ಲಿ ನಡೆದರೆ ಅವನು ಸದರಿ ಆಸಾಮಿ. ಈ ಮೊಮ್ಮಗನ ಕಾದಂಬರಿಯನ್ನು ಮಲೆನಾಡಿನ ಸಾಹಿತ್ಯ ಬರೆಯಲಿಲ್ಲ. ಬರೆದವರು ತೋಟ ಇದ್ದವರು, ಅವರ ಮನೆಗೆ ಗಾರ್ಡು ಬರುವುದು ಕಾಫಿ ಕುಡಿಯಲಿಕ್ಕೆ.

ದೇವನೂರರ 'ಒಡಲಾಳ' ಮಲೆನಾಡಿನದಲ್ಲ, ಕಾಡಿನದೂ ಅಲ್ಲ. ಆದರೆ ಮಹಜರಿಗೆ ಕನ್ನಡದಲ್ಲಿ ಯಾರಾದರೂ ಉತ್ತರ ಕೊಟ್ಟಿದ್ದರೆ ಅಲ್ಲಿ ಕೊಟ್ಟಿದ್ದಾರೆ. ಸಾಕವ್ವನ ಮನೆಯವರು ರಾತ್ರಿಯೆಲ್ಲ ಕೂತು ಕಡಲೆಕಾಯಿ ತಿನ್ನುತ್ತಾರೆ, ಆಮೇಲೆ ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಪೊಲೀಸರ ಕಾಗದದಲ್ಲಿ ಬರುವುದು ಮಾಲು. ಕಥೆಯಲ್ಲಿ ಬರುವುದು ರಾತ್ರಿ. ಆ ರಾತ್ರಿಯನ್ನು ಓದಿದ ಮೇಲೆ ಕಳವು ಎನ್ನುವ ಪದ ನಾಲಗೆಯ ಮೇಲೆ ನಿಲ್ಲುವುದಿಲ್ಲ. ನಮ್ಮವ್ವನ ಹೊರೆಗೆ ಅಂಥ ಗದ್ಯ ಇನ್ನೂ ಸಿಕ್ಕಿಲ್ಲ. ನಮ್ಮಿಂದಲೂ ಆಗಿಲ್ಲ, ನಾವು ಪದ್ಯ ಬರೆದುಕೊಂಡು ಓಡಾಡುತ್ತಿದ್ದೇವೆ.

ಸಾಹಿತ್ಯ ಸಾಕು, ಕಾಯ್ದೆಗೆ ಬರೋಣ. ಅದೂ ಒಂದು ಪಠ್ಯವೇ. ಮರ ಅಂದರೆ ಏನು? ನಮ್ಮೂರ ಮಗುವೂ ಹೇಳುತ್ತದೆ. ಬ್ರಿಟಿಷರ 1878ರ ಅರಣ್ಯ ಕಾಯ್ದೆ ಬೇರೆ ಥರ ಹೇಳಿತು: ಮರ ಎಂದರೆ ತಾಳೆ, ಬಿದಿರು, ಮೋಟು, ಕುರುಚಲು, ಬೆತ್ತ ಇವೂ ಸೇರಿದಂತೆ. 1927ರ ಕಾಯ್ದೆ ಅದನ್ನೇ ನಕಲು ಮಾಡಿತು. ಸ್ವಾತಂತ್ರ್ಯ ಬಂದಮೇಲೆ ನಮ್ಮವರೇ ಮಾಡಿಕೊಂಡ ಕರ್ನಾಟಕ ಅರಣ್ಯ ಕಾಯ್ದೆ, 1963 ಕೂಡ ಅಲ್ಲೇ ನಿಂತಿದೆ. ಕಡಿದ ಮರದ ಮೋಟೂ ಮರ, ಕಾಲಿಗೆ ತೊಡರುವ ಕುರುಚಲೂ ಮರ! ಅದೇ ಕಾಯ್ದೆಯ 24ನೇ ಸೆಕ್ಷನ್ನಿನ ಪ್ರಕಾರ ಮೀಸಲು ಅರಣ್ಯದಲ್ಲಿ ಮರ ಕಡಿಯುವುದಷ್ಟೇ ಅಲ್ಲ, ಕೊಂಬೆ ಸವರುವುದು, ತೊಗಟೆ ಸುಲಿಯುವುದು, ಎಲೆ ಕೀಳುವುದೂ ಅಪರಾಧ. ಅವ್ವನ ಮಹಜರಿನಲ್ಲಿ "ಮರಗಳಿಗೆ ಹಾನಿಪಡಿಸಿ" ಅಂತ ಬರೆದದ್ದು ಸುಳ್ಳೆಂದು ಮೊದಲ ಓದಿಗೆ ನಮಗೆ ಸಿಟ್ಟು ಬಂದಿತ್ತು. ಸುಳ್ಳಲ್ಲ. ಗಾರ್ಡು ವ್ಯಾಕರಣ ತಪ್ಪಿಲ್ಲ. ನಿಘಂಟೇ ಹಾಗಿದೆ. ಇನ್ನೊಂದು ಇದೆ: ಅರಣ್ಯ ಉತ್ಪನ್ನ ಯಾರದೆಂಬ ಪ್ರಶ್ನೆ ಎದ್ದರೆ, ಬೇರೆಯವರದೆಂದು ರುಜುವಾತಾಗುವ ತನಕ ಅದು ಸರ್ಕಾರದ್ದೇ ಎಂದು ಭಾವಿಸತಕ್ಕದ್ದು. 1927ರ ಕಾಯ್ದೆಯ 69ನೇ ಸೆಕ್ಷನ್ ಇದು. ರುಜುವಾತು ಮಾಡಬೇಕಾದವರು ತಲೆಯ ಮೇಲೆ ಹೊರೆ ಹೊತ್ತವರು.

ಆದರೆ ಇದೇ ಮಲೆನಾಡಿನಲ್ಲಿ ಸೊಪ್ಪು ಸವರಿದರೆ ಕೇಸಾಗದ ಜನವೂ ಇದ್ದಾರೆ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಇದೆ. ಉತ್ತರ ಕನ್ನಡದಲ್ಲಿ ಬೆಟ್ಟ, ಹಾಡಿ, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕಾನೆ, ಕೊಡಗಿನಲ್ಲಿ ಬಾಣೆ. ಜಮೀನಿದ್ದವರು ಅದರ ಬೆನ್ನಿಗಿರುವ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ, ದರಗು ತರಬಹುದು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 79ನೇ ಸೆಕ್ಷನ್ ಇವನ್ನೆಲ್ಲ ಹಾಗೇ ಮುಂದುವರಿಸಿತು. ಅದು ಬಳಸುವ ಪದ ಸವಲತ್ತು. ಒಂದೇ ಕೊಂಬೆ, ತೋಟವಿದ್ದವರು ಸವರಿದರೆ ಸವಲತ್ತು, ಇಲ್ಲದವರು ಸವರಿದರೆ ಅಪರಾಧ. ಅವರ ಬೆಟ್ಟದಲ್ಲಿ ಮರ ಹತ್ತಿ ಸೊಪ್ಪು ಕೊಯ್ಯುವವರೂ ನಮ್ಮವರೇ, ಕೂಲಿಗೆ. ಬೆಳಿಗ್ಗೆ ಅದೇ ಕತ್ತಿಯಿಂದ ಸವಲತ್ತು ಚಲಾಯಿಸಿ, ಸಂಜೆ ಮನೆಗೆ ಎರಡು ಕೊಂಬೆ ಕಡಿದು ಅಪರಾಧಿಗಳಾಗುತ್ತಾರೆ.

ಬಿದಿರಿನ ವಿಚಾರ ಇನ್ನೂ ಸೊಗಸಾಗಿದೆ. 1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ಕಾಗದದ ಕಾರ್ಖಾನೆಗೆ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ ಎಂದು ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಬರೆದಿದ್ದಾರೆ. ಅವ್ವನ ನಾಲ್ಕು ಬಿದಿರಿಗೆ ಬಿದ್ದ ದಂಡದಲ್ಲಿ ಆ ದರಕ್ಕೆ ಲಾರಿಗಟ್ಟಲೆ ಬರುತ್ತಿತ್ತು. ಹಾಗೇ ಹಾನಿ ಎನ್ನುವ ಪದ. 1984ರಲ್ಲಿ ಸರ್ಕಾರ ಮತ್ತು ಒಂದು ಪಾಲಿಫೈಬರ್ ಕಾರ್ಖಾನೆ ಸೇರಿ ಕಂಪೆನಿ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಊರೊಟ್ಟಿನ ಜಮೀನು ಅದರ ನೀಲಗಿರಿಗೆ ಹೋಗುವುದಿತ್ತು. ದನ ಮೇಯುವ ನೆಲಕ್ಕೆ ನೀಲಗಿರಿ ನೆಡುವುದು ಅಭಿವೃದ್ಧಿ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಆ ಗುಂಡಿಗಳಿಗೆ ಊರಿಗೆ ಬೇಕಾದ ಸಸಿ ಹಚ್ಚಿದರು. 'ಕಿತ್ತಿಕೊ-ಹಚ್ಚಿಕೊ' ಅಂತ ಅದರ ಹೆಸರು. ಮಹಜರಿನ ಭಾಷೆಯಲ್ಲಿ ಅದು ಅರ್ಧ ಮಾತ್ರ ಬರೆಯಲು ಬರುತ್ತದೆ: ಕಿತ್ತಿಕೊ. ಕಂಪೆನಿ 1991ರಲ್ಲಿ ಮುಚ್ಚಿತು.

ಪರಿಸರದ ಗೆಳೆಯರು ಕೇಳಬಹುದು, ಹಾಗಾದರೆ ಯಾರು ಬೇಕಾದರೂ ಕಡಿಯಲಿ ಅನ್ನುತ್ತೀರೋ ಅಂತ. ಇಲ್ಲ. ನಮ್ಮ ಕೇರಿಯವರು ದಿನಗೂಲಿಗೆ ಕಳ್ಳನಾಟ ಹೊತ್ತದ್ದೂ ಉಂಟು, ಮುಚ್ಚಿಡುವುದಿಲ್ಲ. ಸಿಕ್ಕಿಬಿದ್ದವರು ಹೊತ್ತವರು, ಹೊರಿಸಿದವನು ಮುಂದಿನ ಚುನಾವಣೆಗೆ ಓಟು ಕೇಳಲು ಬಂದಿದ್ದ.

ಕೇಸು ಏನಾಯಿತು ಅಂತ ಹೇಳಿಬಿಡುತ್ತೇವೆ. ಆಫೀಸಿಗೆ ಹೋದೆವು. ಗುಮಾಸ್ತರು ಒಳ್ಳೆಯ ಮಾತಿನಲ್ಲೇ ಹೇಳಿದರು: "ರಾಜಿ ಮಾಡ್ಕಂಡು ದಂಡ ಕಟ್ಟಿಬಿಡ್ರಿ, ಕೋರ್ಟಿಗೆ ಯಾಕೆ ಅಲೀತೀರಾ?" ರಾಜಿ! ಎರಡು ಕಡೆಯವರು ಸರಿಸಮ ಕೂತಾಗ ಆಡುವ ಮಾತು ಇದು. ಇಲ್ಲಿ ಒಂದು ಕಡೆಯವರಿಗೆ ಕುರ್ಚಿ ಇತ್ತು. ನಾವು ಕೋರ್ಟಿಗೇ ಹೋಗೋಣ ಎಂದು ಹಟ ಹಿಡಿದೆವು. ಪುಸ್ತಕ ಓದಿದ ಹಟ. ಅವ್ವ ಲೆಕ್ಕ ಹಾಕಿದಳು: ಒಂದು ವಾಯಿದೆಗೆ ಒಂದು ದಿನದ ಕೂಲಿ, ಎರಡು ಕಡೆಯ ಬಸ್ ಚಾರ್ಜು, ಎಷ್ಟು ವಾಯಿದೆಯೋ ದೇವರೇ ಬಲ್ಲ. ದಂಡ ಕಟ್ಟಿದಳು. ರಾತ್ರಿ ಶಾಲೆಯಲ್ಲಿ ಕಲಿತ ಸಹಿಯನ್ನು, ರೇಷನ್ ಬಿಟ್ಟರೆ, ಅಲ್ಲೇ ಹಾಕಿದ್ದು. ನಮಗೆ ಆ ದಿನ ಅವಳ ಮೇಲೆ ಸಿಟ್ಟಿತ್ತು, ಈಗ ಆ ಸಿಟ್ಟಿನ ಮೇಲೆ ನಾಚಿಕೆಯಿದೆ. ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು: ಯಾರಾದರೂ ಇಂಥ ಕಾಗದ ಹಿಡಿದು ಬಂದರೆ ಪೂರ್ತಿ ಓದಿ ಹೇಳಿ, ಸಹಿಗೆ ಮುಂಚೆ ಓದಿ ಹೇಳಿ. ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅರಣ್ಯಾಧಿಕಾರಿ ಪೊಲೀಸ್ ಅಲ್ಲವೆಂದು ಕೋರ್ಟುಗಳು ಹೇಳುತ್ತ ಬಂದಿರುವುದರಿಂದ ಅವರೆದುರು ಒಪ್ಪಿದ "ಸ್ವಖುಷಿ" ನಿಂತುಬಿಡಬಹುದು.

ದಂಡ ಕಟ್ಟಿ ಬಂದ ಮೇಲೆ ನಾವು ಅರಣ್ಯ ಹಕ್ಕು ಕಾಯ್ದೆ, 2006 ತೆಗೆದು ಓದಿದೆವು. ಮುಂಚೆ ಓದಬೇಕಿತ್ತು. ಅದರಲ್ಲಿ ಕಿರು ಅರಣ್ಯ ಉತ್ಪನ್ನ ಎಂದರೆ ಏನೆಂದು ಪಟ್ಟಿಯಿದೆ. ಪಟ್ಟಿಯ ಮೊದಲಿಗೇ ಏನಿದೆ ಗೊತ್ತೆ? ಬಿದಿರು, ಕುರುಚಲು, ಮೋಟು, ಬೆತ್ತ. 1878ರಲ್ಲಿ ಮರ ಎಂದು ಕರೆಸಿಕೊಂಡ ಅದೇ ನಾಲ್ಕು! ಅಲ್ಲಿ ಮುಟ್ಟಿದರೆ ಅಪರಾಧ, ಇಲ್ಲಿ ಕಾಡಂಚಿನವರ ಒಡೆತನದ ಹಕ್ಕು. ಆ ನಾಲ್ಕು ಪದ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದಾಟಲು ನೂರಿಪ್ಪತ್ತೆಂಟು ವರ್ಷ ಬೇಕಾಯಿತು. ಕನ್ನಡದಲ್ಲಿ ಇಷ್ಟು ದೊಡ್ಡ ಅರ್ಥಪಲ್ಲಟ ಕಂಡ ಪದಗಳು ನಮಗೆ ಗೊತ್ತಿಲ್ಲ. ಆದರೆ ಹಳೆಯ ಸಾಲು ಅಳಿಸಿಲ್ಲ. ಎರಡೂ ಒಟ್ಟಿಗೆ ಜಾರಿಯಲ್ಲಿವೆ. ಗಾರ್ಡಿನ ಕೈಲಿ ಮೊದಲನೆಯದಿದೆ, ನಮ್ಮ ಕೈಯಲ್ಲಿ ಎರಡನೆಯದು ಇರಬೇಕಿತ್ತು.

ಇರಬೇಕಿತ್ತು ಅಂದೆವು, ಯಾಕೆಂದರೆ ನಾವು ಪರಿಶಿಷ್ಟ ಪಂಗಡ ಅಲ್ಲ. ದಲಿತರು ಈ ಕಾಯ್ದೆಯಲ್ಲಿ "ಇತರ" ಪಾರಂಪರಿಕ ಅರಣ್ಯವಾಸಿಗಳು. ಇತರರು ಮೂರು ತಲೆಮಾರಿನ, ತಲೆಮಾರಿಗೆ 25ರಂತೆ 75 ವರ್ಷಗಳ ವಾಸ ತೋರಿಸಬೇಕು, 13-12-2005ಕ್ಕೆ ಮುಂಚಿನದು. (75 ಎಂಬ ಅಂಕಿ ಈ ಕಾಯ್ದೆಗೆ ಯಾಕೋ ಇಷ್ಟ, ಶಾಲೆ, ರಸ್ತೆಗೆ ಹೆಕ್ಟೇರಿಗೆ ಕಡಿಯಬಹುದಾದ ಮರಗಳ ಮಿತಿಯೂ 75.) ಅಂದರೆ 1930ರ ಕಾಗದ ತನ್ನಿ. ಜೀತಕ್ಕಿದ್ದವರ ಹತ್ತಿರ 1930ರ ಕಾಗದ! ಗುಡಿಸಲು ಹೆಗ್ಗಡೆಯವರ ಜಾಗದಲ್ಲಿ, ಹೆಸರು ಹೆಗ್ಗಡೆಯವರ ಸಾಲದ ಪುಸ್ತಕದಲ್ಲಿ. ರಾಜ್ಯದಲ್ಲಿ "ಇತರರು" ಹಾಕಿದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದದ್ದು ಸುಮ್ಮನೆ ಅಲ್ಲ.

ನಿಯಮಗಳನ್ನು ಓದುತ್ತ ಹೋದಾಗ ಸಾಕ್ಷ್ಯಗಳ ಪಟ್ಟಿಯಲ್ಲಿ ಇತರ ಅರಣ್ಯ ದಾಖಲೆಗಳೂ ಆಗುತ್ತವೆ ಎಂದು ಕಂಡಿತು. ಆಗ ಟ್ರಂಕು ನೆನಪಾಯಿತು. ತಳದಲ್ಲಿ ಅಜ್ಜನ ರಸೀದಿ ಸಿಕ್ಕಿತು, 1958ರದು. ಹಸಿ ಕೊಂಬೆ ಎರಡು, ದಂಡ ಐದು ರೂಪಾಯಿ. ಇಂಥವನ ಮಗ ಇಂಥವನು, ಹೊಲೆಯರ ಜಾತಿ, ವಾಸ ಇಂಥ ಊರು, ಎಡಗೈ ಹೆಬ್ಬೆಟ್ಟಿನ ಗುರುತು. ಅವಮಾನವೆಂದು ಅಜ್ಜ ಯಾರಿಗೂ ತೋರಿಸದೆ ಇಟ್ಟಿದ್ದಂತೆ. ನಾವು ಅಲ್ಲಿ ಇದ್ದೆವೆಂದು ಸರ್ಕಾರ ಬರೆದುಕೊಟ್ಟ ಮೊದಲ ಕಾಗದ ಅದು. ಅದಕ್ಕೆ ಅವ್ವನ ರಸೀದಿಯನ್ನೂ ಪಿನ್ನು ಮಾಡಿದೆವು.

1958ರಿಂದ 1930ಕ್ಕೆ ಇನ್ನೂ ಇಪ್ಪತ್ತೆಂಟು ವರ್ಷ ಕಡಿಮೆ ಬೀಳುತ್ತದೆ. ಮುತ್ತಜ್ಜ ಯಾವತ್ತಾದರೂ ಸಿಕ್ಕಿಬಿದ್ದಿದ್ದನೇ ಎಂದು ಅವ್ವನನ್ನು ಕೇಳಿದೆವು. "ಅವ್ನು ಭಾರೀ ಹುಷಾರಿ. ಒಂದಿನಾನೂ ಕೈಗೆ ಸಿಗ್ಲಿಲ್ವಂತೆ," ಎಂದಳು, ಹೆಮ್ಮೆಯಿಂದಲೇ.

ಕಾಗದವಿಲ್ಲದಿದ್ದರೆ ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯೂ ನಡೆಯುತ್ತದೆ. ಮೊನ್ನೆಯಿಂದ ಕೇರಿಯ ಮುದುಕಿಯೊಬ್ಬರ ಹತ್ತಿರ ಕೂತು ಬರೆದುಕೊಳ್ಳುತ್ತಿದ್ದೇವೆ. ಯಾವ ಹಳ್ಳದ ದಂಡೆಗೆ ಯಾರ ಗುಡಿಸಲಿತ್ತು, ಯಾರನ್ನು ಎಲ್ಲಿ ಮಣ್ಣು ಮಾಡಿದರು, ಬಿದಿರು ಹೂ ಬಿಟ್ಟ ವರ್ಷ ಅದರ ಅಕ್ಕಿ ಆರಿಸಿ ತಂದವರು ಯಾರು ಯಾರು, ಎಲ್ಲ ಹೇಳುತ್ತಾರೆ. ಮೊದಲ ಹಾಳೆಯಲ್ಲಿ ನಮ್ಮ ಕೈ ತಾನಾಗಿ "ಸದರಿಯವರು" ಎಂದು ಶುರುಮಾಡಿತ್ತು. ಅದನ್ನು ಹೊಡೆದುಹಾಕಿ ಅವರ ಹೆಸರು ಬರೆದಿದ್ದೇವೆ.